ಗರಗಸಕ್ಕೆ ಆರತಿ

ಕಾಕಾ ಯಾವ ಕಲ್ಲನ್ನು ಕೈಗೆತ್ತಿಕೊಂಡರೂ ಮೊದಲು ನೆಕ್ಕಿ ನೋಡುತ್ತಿದ್ದರು. ಒಣಗಿದ ಕಲ್ಲುಗಳೆಲ್ಲ ನೋಡುವುದಕ್ಕೆ ಒಂದೇ ಥರ, ಬೂದುಬಣ್ಣದ ಮುದ್ದೆಗಳು. ಒದ್ದೆಯಾದಾಗ ಮಾತ್ರ ಕೊಯ್ದು ಪಾಲಿಶ್ ಮಾಡಿದ ಮೇಲೆ ಹೇಗೆ ಕಂಡೀತು ಎಂಬ ಸುಳಿವು ಸಿಗುತ್ತದೆ. ನಲ್ಲಿ ಪಕ್ಕದಲ್ಲೇ ಇದ್ದರೂ ಅಲ್ಲಿಗೆ ಹೋಗುವಷ್ಟು ತಾಳ್ಮೆ ಅವರಿಗಿರಲಿಲ್ಲ. ಒಮ್ಮೆ ಲಂಡನ್ನಿನ ಅಂಚಿನ ಸಟನ್ ಸ್ಟೇಷನ್ನಿನ ಹೊರಗೆ ರಸ್ತೆ ಅಗೆದು ಹಾಕಿದ್ದ ಗುಡ್ಡೆಯಿಂದ ಒಂದು ಚೂರು ಎತ್ತಿ, ಕೋಟಿನ ತೋಳಿಗೆ ಒರೆಸಿ, ನನ್ನ ಕಣ್ಣೆದುರೇ ನಾಲಿಗೆ ತಾಗಿಸಿಬಿಟ್ಟರು. ಬಸ್ಸಿಗೆ ಕಾದಿದ್ದ ಹೆಂಗಸೊಬ್ಬಳು ಒಂದು ಹೆಜ್ಜೆ ಹಿಂದೆ ಸರಿದಳು. ಕಾಕಾ ಅವಳಿಗೆ ಟೊಪ್ಪಿಗೆ ಎತ್ತಿ ವಂದಿಸಿ ಚೂರನ್ನು ಜೇಬಿಗೆ ಹಾಕಿಕೊಂಡರು.

ಹಾಗೆ ನೆಕ್ಕಿದ ಕಲ್ಲುಗಳು ಮನೆಯಲ್ಲಿ ಎಲ್ಲಿ ಸಿಕ್ಕರೂ ಅವರ ಹೆಂಡತಿ ಕಾಕು ಸೆರಗಿನ ತುದಿಯಿಂದ ಹಿಡಿದು ಹೊರಗೆ ಹಾಕುತ್ತಿದ್ದರು.

"ಎಂಜಲ ಕಲ್ಲ ತಂದು ದೇವರ ಜಗಲಿ ಮ್ಯಾಲ ಇಟ್ಟೀರಲ್ರೀ, ನಾಚಿಕಿ ಐತೇನ್ ನಿಮಗ?"

"ಅದೂ ಕಲ್ಲ, ಇದೂ ಕಲ್ಲ. ನೀ ಅದಕ ದಿನಾ ನೀರ ಹಾಕ್ತಿ, ನಾ ಇದಕ ನಾಲಿಗಿ ಹಾಕ್ತೀನಿ. ಭಕ್ತಿ ಒಂದ."

"ಆ ನಾಲಿಗಿ ಕೊಯ್ಯೂ ಮಶೀನ್ ಸಿಗತೈತೇನು ನೋಡ್ರಿ ಮೊದಲ."

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ವರ್ಕ್ ವೀಸಾದ ಮೇಲೆ ಬೆಂಗಳೂರಿನಿಂದ ಬಂದು ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ಕನ್ನಡದವರ ಒಂದು ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಕಾಕು, "ಒಬ್ಬಾಕಿ ಎಲ್ಲಿ ಇರ್ತೀಯವಾ? ನಮ್ಮ ಮಗಳ ಖೋಲಿ ಖಾಲಿ ಬಿದ್ದೈತಿ" ಅಂದರು. ಮರುವಾರವೇ ಸೂಟ್‌ಕೇಸ್ ಹೊತ್ತು ಸಟನ್ನಿನ ಅವರ ಮನೆಯ ಮಹಡಿ ಹತ್ತಿದೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಅಂದೆ. ಅವರು ನನ್ನನ್ನು 'ಬೆಂಗಳೂರವ್ವ' ಎಂದು ಕರೆದರು. ಅವರ ಹೆಸರನ್ನು ನಾನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ವಿಜಾಪುರ ಜಿಲ್ಲೆಯ ಭೀಮಾ ನದಿ ದಂಡೆಯ ಒಂದು ಹಳ್ಳಿ ಅವರದು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಹರೆಯದಲ್ಲೇ ಇಲ್ಲಿಗೆ ಬಂದು, ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದಿದ್ದರು. ಮಗಳು ಓದು ಮುಗಿಸಿ ಮ್ಯಾಂಚೆಸ್ಟರಿಗೆ ಹೋದಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅಪ್ಪ ಫೋನಿನಲ್ಲಿ ಹೊಸ ಕಲ್ಲೊಂದನ್ನು ವರ್ಣಿಸತೊಡಗಿದರೆ, "ಡ್ಯಾಡ್, ಇಟ್ಸ್ ಎ ರಾಕ್. ಪುಟ್ ಮಮ್ ಆನ್" ಎನ್ನುತ್ತಿದ್ದಳು.

ಆ ಮನೆಗೆ ಹೋದ ಮೊದಲ ವಾರ ನನಗೆ ಬೇರೆ ರೂಮು ಹುಡುಕಬೇಕಾದೀತು ಅನ್ನಿಸಿತ್ತು. ಅಷ್ಟು ಜಗಳ. ಬೆಳಿಗ್ಗೆ ಚಹಾದ ಜೊತೆ ಶುರುವಾದದ್ದು ಕಾಕಾ ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ಅರ್ಧಕ್ಕೆ ನಿಲ್ಲುತ್ತಿತ್ತು. ಸಂಜೆ ಶೂ ಬಿಚ್ಚುವಾಗ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ವಿಷಯ ಯಾವಾಗಲೂ ಒಂದೇ: ಕಲ್ಲು, ಕಲ್ಲು ಕೊಯ್ಯುವ ಗರಗಸ, ಅದರ ಎಣ್ಣೆ, ಅದರ ಸದ್ದು. ತಿಂಗಳು ಕಳೆಯುವಷ್ಟರಲ್ಲಿ ಆ ಸದ್ದಿಗೆ ನಾನು ಎಷ್ಟು ಒಗ್ಗಿಹೋದೆನೆಂದರೆ, ಒಂದು ದಿನ ಕೆಳಗೆ ಮಾತೇ ಕೇಳದಿದ್ದಾಗ ಯಾರಿಗೋ ಜ್ವರ ಬಂದಿದೆಯೆಂದು ಇಳಿದು ಬಂದೆ. ನಿಜವಾಗಿಯೂ ಕಾಕುವಿಗೆ ಜ್ವರ ಬಂದಿತ್ತು. ಕಾಕಾ ಅವರ ಹಾಸಿಗೆಯ ಪಕ್ಕ ಕೂತು, "ಏಳ, ಎದ್ದು ಒಂದೀಟ ಬೈಯ್, ಮನಿ ಬಿಕೋ ಅಂತೈತಿ" ಎನ್ನುತ್ತಿದ್ದರು.

ಮೊದಲ ಗರಗಸ ಚಿಕ್ಕದು. ಊಟದ ತಟ್ಟೆಯಷ್ಟಗಲದ ಬ್ಲೇಡು, ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೂತಿತ್ತು. ಮನೆಗೆ ಬಂದವರನ್ನೆಲ್ಲ ಅಲ್ಲಿಗೆ ಕರೆದೊಯ್ದು, ಅದನ್ನು ಚಾಲೂ ಮಾಡಿ, ತಿರುಗುತ್ತಿರುವ ಬ್ಲೇಡಿಗೆ ತಮ್ಮ ಬೆರಳು ತಾಗಿಸಿ ತೋರಿಸುವುದು ಕಾಕಾನ ಚಟ. ಹೆಂಗಸರು ಕಿರುಚುತ್ತಿದ್ದರು. ಬೆರಳಿಗೆ ಏನೂ ಆಗುತ್ತಿರಲಿಲ್ಲ. ಕಲ್ಲಿನ ಗರಗಸಕ್ಕೆ ಮರದ ಗರಗಸದಂತೆ ಹಲ್ಲಿಲ್ಲ. ಅಂಚಿನಲ್ಲಿ ಕೂರಿಸಿದ ವಜ್ರದ ಪುಡಿ ಗಟ್ಟಿಯಾದದ್ದನ್ನು ಮಾತ್ರ ಸವೆಸುತ್ತದೆ, ಮೆತ್ತಗಿನ ಚರ್ಮ ಅದರ ಮುಂದೆ ಜಾರಿಕೊಳ್ಳುತ್ತದೆ. "ನಮ್ಮನಿಯಾಕಿಗಿಂತ ಮೆತ್ತಗೈತಿ" ಎಂದು ನಗುತ್ತಿದ್ದರು. ನಾವೆಲ್ಲ ಆ ಬ್ಲೇಡಿಗೇ ಹೆದರಿದೆವು. ಗರಗಸಗಳ ತೂಕಕ್ಕೆ ಹೆದರಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಎರಡನೆಯದು ವಾಷಿಂಗ್ ಮಶೀನಿನ ಗಾತ್ರದ ಕಬ್ಬಿಣದ ಪೆಟ್ಟಿಗೆ. ಅದು ಗ್ಯಾರೇಜಿಗೆ ಬಂದಾಗ ಕಾಕು ಕಾರನ್ನು ರಸ್ತೆಯಲ್ಲಿ ನಿಲ್ಲಿಸಲು ಒಪ್ಪಿದರು, ಬಾಯಿ ಮಾತ್ರ ನಿಲ್ಲಿಸಲಿಲ್ಲ. ಅದಕ್ಕೆ ನೀರಿನ ಬದಲು ಎಣ್ಣೆ ಬೇಕು. ಬ್ಲೇಡು ಎಣ್ಣೆಯಲ್ಲಿ ಮುಳುಗಿ ತಿರುಗುವಾಗ ಮಂಜಿನಂಥ ಹೊಗೆ ಎದ್ದು ಮನೆಯೆಲ್ಲ ಅದೇ ವಾಸನೆ. ಸಜ್ಜೆ ರೊಟ್ಟಿಗೂ ಅದೇ, ನನ್ನ ಆಫೀಸಿನ ಬ್ಲೌಸಿಗೂ ಅದೇ. ಟ್ಯೂಬ್ ರೈಲಿನಲ್ಲಿ ಪಕ್ಕದವರು ನನ್ನನ್ನು ಮೂಸಿ ನೋಡುತ್ತಿದ್ದಾರೇನೋ ಎಂಬ ಅನುಮಾನದಲ್ಲಿ ನಾನು ದಿನವೂ ಬಾಗಿಲ ಬಳಿ ನಿಲ್ಲುತ್ತಿದ್ದೆ.

ಆ ಎರಡನೆಯ ಗರಗಸವನ್ನು ಇಳಿಸಿದ ದಿನ ಕಾಕಾ ನಮಗೆಲ್ಲ ಪಾಠ ಹೇಳಿದ್ದರು. ಭಾರದ ಯಂತ್ರಗಳನ್ನು ಆಸ್ಪತ್ರೆಯಲ್ಲಿ ಜೀವಮಾನವಿಡೀ ಅತ್ತಿತ್ತ ಸಾಗಿಸಿದವರು.

"ನೋಡ್ರಪಾ, ಇಳಿಜಾರಿನಾಗ ಭಾರ ನಡುವ ನಿಲ್ಲಿಸಬಾರದು. ಮ್ಯಾಲರ ಇರಬೇಕು, ಕೆಳಗರ ಇರಬೇಕು. ಮತ್ತ ಅದರ ಮುಂದ ನಿಮ್ಮಪ್ಪ ಬಂದು ನಿಲ್ಲತೀನಂದ್ರೂ ನಿಲ್ಲಗೊಡಬ್ಯಾಡ್ರಿ."

ಹಾಗೆ ಹೇಳಿ, ಹಾಗೆಯೇ ಮಾಡಿ, ಒಂದು ಗೀಚೂ ಆಗದಂತೆ ಅದನ್ನು ಒಳಗೆ ಸೇರಿಸಿದ್ದರು.

ಮೂರನೆಯದು ಬೇಕಾದದ್ದು ಊರಿನಿಂದ ತಂದ ಕಲ್ಲಿಗಾಗಿ. ಹೊಳೆಯ ದಂಡೆಯಲ್ಲಿ ಸಿಕ್ಕಿದ, ಕುಂಬಳಕಾಯಿ ಗಾತ್ರದ, ಮೈಯೆಲ್ಲ ಗಂಟುಗಂಟಾದ ಒಂದು ಉಂಡೆ. ವಿಮಾನದ ತೂಕದ ಮಿತಿ ಮೀರಿತೆಂದು ಕಾಕುವಿನ ಸೀರೆಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಅದನ್ನು ತಂದಿದ್ದರು. ಒಳಗೆ ಬಣ್ಣದ ಪದರಗಳಿರಬಹುದು, ಹರಳು ತುಂಬಿದ ಪೊಳ್ಳಿರಬಹುದು, ಬರೀ ಕಲ್ಲೇ ಇರಬಹುದು; ಕೊಯ್ಯುವತನಕ ಯಾರಿಗೂ ಗೊತ್ತಾಗದು. ಅದನ್ನು ಸೀಳಬೇಕಾದರೆ ಕಾರಿನ ಚಕ್ರದಷ್ಟು ದೊಡ್ಡ ಬ್ಲೇಡಿನ ಗರಗಸ ಬೇಕು.

"ನನ್ನ ಇಳಕಲ್ ಸೀರಿ ಬಿಟ್ಟು ತಂದಾರವಾ, ಏನ್ ಐತಿ ಅದರಾಗ?" ಎಂದು ಕಾಕು ನನ್ನಲ್ಲಿ ಅಹವಾಲು ಹೇಳಿಕೊಂಡರು.

"ಕೊಯ್ದ್ರ ಗೊತ್ತಾಗತೈತಿ," ಎಂದರು ಕಾಕಾ.

"ಏನೂ ಇರಂಗಿಲ್ಲ. ನಿಮ್ಮ ತಲಿ ಕೊಯ್ದ್ರೂ ಹಂಗ."

ಇಂಥ ದೊಡ್ಡ ಗರಗಸಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಹವ್ಯಾಸದವರ ಕ್ಲಬ್ಬುಗಳಲ್ಲಿ ಯಾರಾದರೂ ಮುದುಕರು ತೀರಿಕೊಂಡಾಗ ನೋಟಿಸ್ ಬೋರ್ಡಿನ ಮೇಲೆ ಚೀಟಿ ಬೀಳುತ್ತದೆ. ಕಾಕಾ ಆ ಬೋರ್ಡಿಗೆ ಕಣ್ಣಿಟ್ಟು ಬಹಳ ಕಾಲ ಕಾದರು. ಕೊನೆಗೊಮ್ಮೆ ಕೆಂಟ್ ಕಡೆಯ ಒಂದು ಊರಿನಿಂದ ಚೀಟಿ ಬಂತು. ಶನಿವಾರ ವ್ಯಾನು ಬಾಡಿಗೆಗೆ ತಂದರು. ಭಾರ ಎತ್ತುವುದಕ್ಕೆ ಜನ ಬೇಕೆಂದು ಬೆಳಗಾವಿ ಕಡೆಯ ಒಬ್ಬ ಡಾಕ್ಟರರನ್ನು ಕರೆದರು. ಎರಡನೆಯದನ್ನು ಇಳಿಸಲು ಬಂದಿದ್ದ ನನ್ನ ಆಫೀಸಿನ ಗೆಳೆಯನೊಬ್ಬನನ್ನು ನಾನು ಕರೆದೆ. ಅವರಿಬ್ಬರು ಡಾಕ್ಟರರ ಕಾರಿನಲ್ಲಿ, ಕಾಕಾ ಮತ್ತು ನಾನು ವ್ಯಾನಿನಲ್ಲಿ. ಹೊರಡುವ ಹೊತ್ತಿಗೆ ಕಾಕು ಚಪ್ಪಲಿ ಮೆಟ್ಟಿಕೊಂಡು ಬಂದು ನಡುವಿನ ಸೀಟಿನಲ್ಲಿ ಕೂತರು.

"ನೀ ಎಲ್ಲಿಗಿ?"

"ಯಾರ ಮನಿ ಹಾಳ ಮಾಡಿ ತರತೀರಿ, ಒಂದ್ಸಲ ಕಣ್ಣಿಲೆ ನೋಡೂಣಂತ."

ಗರಗಸದ ಒಡೆಯನ ಹೆಂಡತಿ ತೆಳ್ಳಗಿನ, ಎತ್ತರದ ಮುದುಕಿ. ಗಂಡ ಹೋಗಿ ವರ್ಷವಾಗಿತ್ತು. ಗಂಡಸರು ಗ್ಯಾರೇಜಿನಲ್ಲಿ ಎಣ್ಣೆ ಬಸಿದು, ಪಕ್ಕದ ಮನೆಯವರ ಸಣ್ಣ ಕ್ರೇನಿನಿಂದ ಗರಗಸವನ್ನು ವ್ಯಾನಿಗೆ ಏರಿಸುತ್ತಿದ್ದಾಗ ಆಕೆ ನಮಗಿಬ್ಬರಿಗೆ ಟೀ ಕೊಟ್ಟಳು. ಗರಗಸದ ಸದ್ದಿಗೆ ತಾನು ಎಷ್ಟು ಬೇಸತ್ತಿದ್ದೆ ಎಂದು ಹೇಳಿದಳು. ಗಂಡ ಬದುಕಿರುವತನಕ ಆ ಗ್ಯಾರೇಜಿನೊಳಗೆ ತಾನು ಒಮ್ಮೆಯೂ ಕಾಲಿಟ್ಟಿರಲಿಲ್ಲವಂತೆ. ಒಂದು ಕಲ್ಲನ್ನೂ ಹೇಗಿದೆ ಎಂದು ನೋಡಿದವಳಲ್ಲವಂತೆ. ಈಗ ಸಂಜೆ ಹೊತ್ತು ಅಲ್ಲಿಗೇ ಕುರ್ಚಿ ಒಯ್ದು ಕೂರುತ್ತಾಳಂತೆ. ಗರಗಸ ಹೋದ ಮೇಲೆ ಇನ್ನು ಎಲ್ಲಿ ಕೂರಬೇಕೋ ತಿಳಿಯದು ಎಂದಳು. ಕಾಕುವಿನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಎಲ್ಲ ತಿಳಿಯಿತೆಂದು ಅವರ ಮುಖ ಹೇಳುತ್ತಿತ್ತು.

ವಾಪಸು ಬರುವಾಗ ಬಹಳ ದೂರ ಕಾಕು ಮಾತಾಡಲಿಲ್ಲ. ಕಾಕಾ ಎರಡು ಸಲ ಕೆಣಕಿ ನೋಡಿದರು. ಕೊನೆಗೆ ಕಾಕು ತಾವಾಗಿಯೇ ಅಂದರು:

"ಸತ್ತ ಮ್ಯಾಲ ಹೋಗಿ ಕುಂದರತಾಳಂತ. ಕೇಳಿದ್ರಿಲ್ಲ?"

"ಕೇಳೀನಿ."

"ಇದ್ದಾಗ ಹೋಗಿದ್ರ ಏನ್ ಗಂಟ ಹೋಗತಿತ್ತ ಆಕೀದು?"

ಕಾಕಾ ತಿರುಗಿ ಹೆಂಡತಿಯ ಮುಖ ನೋಡಿದರು.

"ಮುಂದ ನೋಡಿ ನಡಸ್ರಿ. ನಾ ಎಲ್ಲ್ಯಾರ ಓಡಿ ಹೋಗತೀನೇನು?"

ಅದು ಅವರಿಬ್ಬರ ನಡುವೆ ನಾನು ಕೇಳಿದ ಕೊನೆಯ ಸರಿಯಾದ ಬೈಗುಳ.

ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಟ್ಯೂಬಿನ ಎಸ್ಕಲೇಟರಿನಲ್ಲಿ ಮುಂದಿನವರ ಸೂಟ್‌ಕೇಸ್ ತುಸು ವಾಲಿದರೂ ಸಾಕು, ಆ ಇಳಿಜಾರು ಕಣ್ಣೆದುರು ಬರುತ್ತದೆ. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ಅವರ ಮನೆ ರಸ್ತೆಗಿಂತ ತಗ್ಗಿನಲ್ಲಿತ್ತು. ರಸ್ತೆಯಿಂದ ಗ್ಯಾರೇಜಿನ ಬಾಗಿಲವರೆಗೆ ಕಾಂಕ್ರೀಟಿನ ಇಳಿಜಾರು. ವ್ಯಾನನ್ನು ಹಿಂದಕ್ಕೆ ತಂದು ಇಳಿಜಾರಿನ ತಲೆಗೆ ನಿಲ್ಲಿಸಿದ್ದರು. ವ್ಯಾನಿನಿಂದ ನೆಲಕ್ಕೆ ಎರಡು ದಪ್ಪ ಹಲಗೆಗಳು. ಗರಗಸ ನಾಲ್ಕು ಪುಟ್ಟ ಗಾಲಿಗಳ ಒಂದು ಮಣೆಯ ಮೇಲೆ ಕೂತಿತ್ತು. ಅದಕ್ಕೆ ಬಿಗಿದ ಹಗ್ಗ ವ್ಯಾನಿನ ನೆಲದ ಕಬ್ಬಿಣದ ಬಳೆಗೆ ಒಂದು ಸುತ್ತು ಹಾಕಿಕೊಂಡು ಒಳಗೆ ನಿಂತಿದ್ದ ಡಾಕ್ಟರರ ಕೈಗೆ, ಅವರ ಹಿಂದೆ ನನ್ನ ಗೆಳೆಯನ ಕೈಗೆ. ಬಳೆಯ ಸುತ್ತು ಇರುವುದರಿಂದ ಇಬ್ಬರು ಹಿಡಿದರೆ ಆನೆಯನ್ನೂ ಇಳಿಸಬಹುದು ಎಂದಿದ್ದರು ಕಾಕಾ. ವ್ಯಾನಿನ ಮೂತಿ ರಸ್ತೆಗೆ ಚಾಚಿದ್ದರಿಂದ ಬರುವ ಕಾರುಗಳಿಗೆ ಕೈ ತೋರಿಸುವುದು ನನ್ನ ಕೆಲಸ. ನಾನಿದ್ದ ಜಾಗ ಎತ್ತರ. ಪಕ್ಕದ ಬಾಗಿಲು ತೆರೆದಿದ್ದರಿಂದ ವ್ಯಾನಿನ ಒಳಗೂ ಕಾಣುತ್ತಿತ್ತು, ಕೆಳಗೂ ಕಾಣುತ್ತಿತ್ತು.

ಡಾಕ್ಟರರು ಹಗ್ಗವನ್ನು ಇಷ್ಟಿಷ್ಟೇ ಬಿಡುತ್ತ ಬಂದರು. ಕಾಕಾ ಹಲಗೆಯ ಪಕ್ಕದಲ್ಲಿ ನಿಂತು ಮಣೆಯನ್ನು ನೇರ ಮಾಡುತ್ತಿದ್ದರು. ಗರಗಸ ಹಲಗೆಯ ಅರ್ಧಕ್ಕೆ ಬಂದಿತ್ತು. ಆಗ ಮನೆಯ ಮುಂಬಾಗಿಲು ತೆರೆಯಿತು.

ಕಾಕು ಸೀರೆ ಬದಲಿಸಿದ್ದರು. ಮೇಲೆ ಉಣ್ಣೆಯ ಕಾರ್ಡಿಗನ್. ಕೈಯಲ್ಲಿ ಆರತಿ ತಟ್ಟೆ, ಗಾಳಿಗೆ ಆರದಂತೆ ದೀಪಕ್ಕೆ ಇನ್ನೊಂದು ಕೈ ಅಡ್ಡ. ಕಲ್ಲಿನ ವಿಷಯಕ್ಕೆ ಆ ಮನೆಗೆ ಎಷ್ಟೋ ವಸ್ತುಗಳು ಬಂದಿದ್ದವು. ಒಂದಕ್ಕೂ ಆಕೆ ಅರಿಶಿನದ ಒಂದು ಬೊಟ್ಟೂ ಇಟ್ಟಿರಲಿಲ್ಲ.

"ತಡೀರಿ, ತಡೀರಿ! ನಿಲ್ಲಸ್ರಿ," ಎಂದರು ಕಾಕಾ. "ಆಕಿ ಬಂದ್ಲು."

"ನಡುವೆ ನಿಲ್ಲಿಸ್ಬಾರ್ದು ಅಂದಿದ್ರಲ್ಲ ಕಾಕಾ?" ವ್ಯಾನಿನ ಒಳಗಿಂದ ನನ್ನ ಗೆಳೆಯ.

"ಇವತ್ತೊಂದಿನ ನಿಲ್ಲಲಿ ಬಿಡಪಾ. ಕೆಳಗ ನಾ ಹಿಡೀತೀನಿ."

ಹಾಗೆಂದು ಅವರು ಗರಗಸದ ಮುಂದಕ್ಕೆ ಬಂದು ಅದಕ್ಕೆ ಹೆಗಲು ಕೊಟ್ಟು ನಿಂತರು. ಅವರ ಮುಖದಲ್ಲಿದ್ದ ಖುಷಿಯನ್ನು ನಾನು ಮೇಲಿನಿಂದಲೇ ಕಂಡೆ. ಮುಂದೆ ನಿಲ್ಲಬೇಡಿ ಎಂದು ಆ ಹೊತ್ತಿನಲ್ಲಿ ಅವರಿಗೆ ಹೇಳುವವರು ಯಾರು?

"ಮದಿಮಗಳೇನ್ರಿ ಇದು, ಇಷ್ಟ ಮಂದಿ ಹಿಡಕೊಂಡ ಬರಾಕ?" ಎಂದರು ಕಾಕು.

"ಮತ್ತ? ನಿನ್ನ ಸವತಿ. ಒಳಗ ಕರಕೋ."

"ಸವತಿಗಿ ಆರತಿ ಎತ್ತಾಕಿ ಇಡೀ ಲಂಡನ್‌ದಾಗ ನಾ ಒಬ್ಬಾಕಿನ ನೋಡ್ರಿ."

ಎಲ್ಲರೂ ನಕ್ಕೆವು. ಬೇಲಿಯಾಚೆ ಗುಲಾಬಿ ಕತ್ತರಿಸುತ್ತಿದ್ದ ಪಕ್ಕದ ಮನೆಯ ಇಂಗ್ಲಿಷ್ ಮುದುಕ ಏನೂ ತಿಳಿಯದೆ ತಾನೂ ನಕ್ಕ. ಕಾಕು ಗರಗಸದ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿದರು, ಅಕ್ಕಿಕಾಳು ಹಾಕಿದರು, ಆರತಿ ಎತ್ತಿದರು. ಕಾಕಾ ಹೆಗಲು ಕೊಟ್ಟ ಹಾಗೆಯೇ ಹಣೆ ಮುಂದೆ ಮಾಡಿದರು. "ನಿಮಗೂ ಬೇಕೇನು?" ಎಂದು ಕಾಕು ಅವರ ಹಣೆಗೂ ಕುಂಕುಮವಿಟ್ಟರು.

ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು. ಆದರೆ ಆರತಿ ಎತ್ತಿದ ಮೇಲೆ ಅಲ್ಲಿದ್ದವರಿಗೆಲ್ಲ ತೋರಿಸಬೇಕು. ಹಾಗೆ ತೋರಿಸದೆ ತಟ್ಟೆಯನ್ನು ಒಳಗೊಯ್ಯುವ ಹೆಂಗಸು ನಮ್ಮಲ್ಲಿ ಯಾರೂ ಇಲ್ಲ. ಕಾಕು ಇಳಿಜಾರು ಹತ್ತಿ ವ್ಯಾನಿನ ಬದಿಗೆ ಬಂದು ತಟ್ಟೆಯನ್ನು ಮೇಲಕ್ಕೆ ಹಿಡಿದರು.

"ಡಾಕ್ಟರ, ತಗೋರಿ."

ಡಾಕ್ಟರರು ಬಾಗಿ, ಒಂದು ಕೈ ಬಿಟ್ಟು ದೀಪದ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಹಿಂದಿನವನು ಹಿಡಿದಿದ್ದಾನಲ್ಲ ಎಂದುಕೊಂಡಿರಬೇಕು. ಹಿಂದಿನವನು ಎರಡೂ ಕೈ ಜೋಡಿಸಿದ್ದ. ತಾಯಿ ಕಲಿಸಿದ್ದು, ಯೋಚನೆಗಿಂತ ಮುಂಚೆ ಕೈಗೆ ಬರುವಂಥದ್ದು. ಮುಂದಿನವರು ಹಿಡಿದಿದ್ದಾರಲ್ಲ ಎಂದು ಅವನೂ ಅಂದುಕೊಂಡಿರಬೇಕು.

ಬಳೆಯ ಸುತ್ತ ಹಗ್ಗ ಸರ್ರನೆ ಓಡಿದ ಸದ್ದು ಕೇಳಿತು. ಡಾಕ್ಟರರ ಅಂಗೈಯ ಚರ್ಮ ಕಿತ್ತುಬಂತು, ಆದರೂ ಅದು ನಿಲ್ಲಲಿಲ್ಲ.

ಪಕ್ಕಕ್ಕೆ ಹಾರಲು ಕಾಕಾನಿಗೆ ಹೊತ್ತಿತ್ತೇ? ಇತ್ತು ಎಂದು ಕೆಲವು ಸಲ ಅನ್ನಿಸುತ್ತದೆ. ಗರಗಸ ಮೊದಲು ಎಡಕ್ಕೆ ವಾಲಿತು, ಕಾಕು ತಟ್ಟೆ ಹಿಡಿದು ನಿಂತಿದ್ದ ಕಡೆಗೆ. ಕಾಕಾ ಎಡಗಡೆಗೆ ಮೈ ಸರಿಸಿ ಅದನ್ನು ಒತ್ತಿ ನೇರ ಮಾಡಿದ ಹಾಗೆ, ನೇರವಾದ ಮೇಲೆ ಅದು ಅವರನ್ನೇ ತಳ್ಳಿಕೊಂಡು ಹೋದ ಹಾಗೆ ನನಗೆ ಕಾಣುತ್ತದೆ. ಇದು ನಾನು ಅವತ್ತು ಕಂಡದ್ದೋ, ಆಮೇಲೆ ಮನಸ್ಸು ಸೇರಿಸಿಕೊಂಡದ್ದೋ ಹೇಳಲಾರೆ. ಖಚಿತವಾಗಿ ಗೊತ್ತಿರುವುದು, ಗ್ಯಾರೇಜಿನ ಬಾಗಿಲ ಇಟ್ಟಿಗೆಯ ಕಂಬಕ್ಕೂ ಆ ಕಬ್ಬಿಣಕ್ಕೂ ನಡುವೆ ಅವರು ಸಿಕ್ಕಿಕೊಂಡರು. ಅವರು ಕೂಗಲಿಲ್ಲ. ಕೂಗಿದ್ದು ಕಾಕು. ತಟ್ಟೆ ಕಾಂಕ್ರೀಟಿನ ಮೇಲೆ ಉರುಳುತ್ತ ಹೋಗಿ ಗಟಾರದ ಬಳಿ ಬಿತ್ತು.

ಪಕ್ಕದ ಮನೆಯ ಮುದುಕ ಬೇಲಿ ದಾಟಿ ಬಂದ. ಎಲ್ಲರೂ ಸೇರಿ ಗರಗಸವನ್ನು ಹಿಂದಕ್ಕೆ ಎಳೆದೆವು. ಕಾಕಾ ನೆಲಕ್ಕೆ ಕುಸಿದರು. ಮುಖ ಬಿಳುಚಿತ್ತು, ಹಣೆಯ ಕುಂಕುಮ ಹಾಗೇ ಇತ್ತು. ಕಾಕುವನ್ನು ನೋಡಿ ಅವರು ಮೊದಲು ಆಡಿದ ಮಾತು:

"ಹಗ್ಗ ಹರೀತ."

ಆಂಬುಲೆನ್ಸಿನವರಿಗೂ ಅದನ್ನೇ ಹೇಳಿದರು. "ದಿ ರೋಪ್ ಬ್ರೋಕ್." ಯಾರೂ ಕೇಳದಿದ್ದರೂ ಮತ್ತೆ ಮತ್ತೆ ಹೇಳಿದರು. ಡಾಕ್ಟರರು ರಕ್ತ ಸೋರುವ ಅಂಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ನನ್ನ ಗೆಳೆಯ ಹೂವಿನ ಪಾತಿಯ ಬಳಿ ಕೂತು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಹಗ್ಗ ಇಳಿಜಾರಿನ ಉದ್ದಕ್ಕೂ ಇಡಿಯಾಗಿಯೇ ಬಿದ್ದಿತ್ತು.

ಸೊಂಟದ ಮೂಳೆ, ಎಡತೊಡೆ. ಅನೇಕ ಶಸ್ತ್ರಚಿಕಿತ್ಸೆಗಳಾದವು. ಯಾವ ಆಸ್ಪತ್ರೆಯ ಯಂತ್ರಗಳನ್ನು ಅವರು ನೋಡಿಕೊಂಡಿದ್ದರೋ ಅದೇ ಆಸ್ಪತ್ರೆಯ ಯಂತ್ರದ ಕೆಳಗೆ ಮಲಗಿದರು. ಕೆಲಸ ಬಿಡಬೇಕಾಯಿತು. ಅಲ್ಯೂಮಿನಿಯಂ ಫ್ರೇಮು ಹಿಡಿದು ಮುಂಕೋಣೆಯಿಂದ ಅಡುಗೆಮನೆಯವರೆಗೆ ಹೋಗಿ ಬರುವುದೇ ಅವರ ಓಡಾಟವಾಯಿತು. ಗರಗಸವನ್ನು ಮಗಳು ಕರೆಸಿದ ಕೆಲಸಗಾರರು ಗ್ಯಾರೇಜಿನೊಳಗೆ ತಳ್ಳಿ ಶಟರ್ ಎಳೆದರು. ಅದನ್ನು ಯಾರೂ ಒಮ್ಮೆಯೂ ಚಾಲೂ ಮಾಡಲಿಲ್ಲ. ಹೊಳೆಯ ಕಲ್ಲು ಇಡಿಯಾಗಿಯೇ ಉಳಿಯಿತು.

ನಾನು ಹೆದರಿದ್ದು ಕಾಕು ಅಳುತ್ತಾರೆ, ತಲೆ ಚಚ್ಚಿಕೊಳ್ಳುತ್ತಾರೆ ಎಂದು. ಅವರು ಅದೇನೂ ಮಾಡಲಿಲ್ಲ. ಜಗಳ ನಿಂತಿತು, ಅಷ್ಟೇ.

"ರೊಟ್ಟಿ ಛಲೋ ಆಗ್ಯಾವು" ಎನ್ನುತ್ತಿದ್ದರು ಕಾಕಾ.

"ಇನ್ನೊಂದು ಹಾಕ್ಲ್ಯಾ?"

"ಸಾಕು. ನೀ ಊಟ ಮಾಡು."

ಟಿವಿಯ ಮುಂದೆ ಇಬ್ಬರೂ ಕೂತು ನೋಡುತ್ತಿದ್ದರು. ಯಾವ ಚಾನೆಲ್ ಬೇಕೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಕಾಕಾ ಒಂದು ಸಲ ಬೇಕೆಂದೇ ಚಿಕ್ಕ ಕಲ್ಲೊಂದನ್ನು ನೆಕ್ಕಿ ದೇವರ ಜಗಲಿಯ ಮೇಲೆ ಇಟ್ಟರು. ನಾನು ಬೈಗುಳಕ್ಕೆ ಕಾದೆ. ಕಾಕು ಅದರ ಸುತ್ತಲಿನ ಧೂಳು ಒರೆಸಿ, ಕಲ್ಲನ್ನು ಅಲ್ಲಿಯೇ ಬಿಟ್ಟು ಹೋದರು.

ಕಾಕು ದೀಪ ಹಚ್ಚುವುದನ್ನು ಬಿಡಲಿಲ್ಲ, ಆರತಿ ಎತ್ತುವುದನ್ನು ಬಿಟ್ಟರು. ಪರಿಚಯದವರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋದಾಗ, "ಹಿರೇರು ನೀವೇ ಬರ್ರಿ" ಎಂದು ಹೆಂಗಸರು ತಟ್ಟೆ ಕೊಡಬಂದರೆ ಅಡುಗೆಮನೆಗೆ ಸರಿದು ಬಿಡುತ್ತಿದ್ದರು. ಕನ್ನಡದವರ ಬಳಗದಲ್ಲಿ ಹಗ್ಗ ಹರಿದ ಕಥೆಯೇ ಉಳಿಯಿತು. ಡಾಕ್ಟರರು ಆ ಮನೆಗೆ ಬರುವುದನ್ನು ಕಡಿಮೆ ಮಾಡಿದರು. ನನ್ನ ಗೆಳೆಯ ಕೆಲಸ ಬದಲಿಸಿ ಬೇರೆ ದೇಶಕ್ಕೆ ಹೋದ.

ಮದುವೆಯಾಗಿ ನಾನು ಲಂಡನ್ನಿನ ಇನ್ನೊಂದು ತುದಿಯ ಪಿನ್ನರಿಗೆ ಹೊರಡುವ ಮುಂಚೆ, ಕಾಕು ಅಂಗಡಿಗೆ ಹೋಗಿದ್ದ ಒಂದು ಹೊತ್ತಿನಲ್ಲಿ, ಕಾಕಾನ ಎದುರು ಕೂತು ಕೇಳಿದೆ:

"ಅವರಿಗೆ ನಿಜ ಹೇಳಿಬಿಡಿ ಕಾಕಾ. ಯಾರದ್ದೂ ತಪ್ಪಲ್ಲ ಅಂತ ಹೇಳಿ. ಹೀಗೆ ಎಷ್ಟು ದಿನ ಇರ್ತೀರಾ?"

ಅವರು ಫ್ರೇಮಿನ ಹಿಡಿಯನ್ನು ಉಜ್ಜುತ್ತ ಕೂತರು.

"ಏನ್ ಹೇಳ್ಲಿ ಬೆಂಗಳೂರವ್ವಾ? ನೀ ತಟ್ಟಿ ತಂದಿ, ಅದಕ ಹಿಂಗಾತ ಅಂತ ಹೇಳ್ಲ್ಯಾ? 'ತಪ್ಪಲ್ಲ' ಅಂದ ಕೂಡಲೇ ಆಕಿಗಿ ತಪ್ಪ ಅನಿಸೂದ." ಫ್ರೇಮನ್ನು ಪಕ್ಕಕ್ಕೆ ಸರಿಸಿ ಅಂದರು, "ಜಲ್ಮದಾಗ ಒಂದ್ಸಲ ನನ್ನ ಮಶೀನಿಗಿ ಆರತಿ ತಂದಾಳ. ಅದನ್ನೂ ಆಕಿ ಕಡಿಂದ ಕಸಗೋಬೇಕೇನು?"

ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಆ ಇಳಿಜಾರನ್ನು ನಾನು ಮನಸ್ಸಿನಲ್ಲಿ ತಿದ್ದಲು ನೋಡಿದ್ದೇನೆ. ಅವತ್ತು ಮಳೆ ಬಂದಿದ್ದರೆ, ದೀಪ ಗಾಳಿಗೆ ಆರಿದ್ದರೆ, ಹಗ್ಗಕ್ಕೆ ಇನ್ನೊಂದು ಸುತ್ತು ಇದ್ದಿದ್ದರೆ. ಏನು ಸೇರಿಸಿದರೂ ಗರಗಸ ನಿಲ್ಲುವುದಿಲ್ಲ. ಅಲ್ಲಿ ನಿಂತಿದ್ದವರು ನಾವೇ ಆಗಿರುವತನಕ ತಟ್ಟೆ ಬರುತ್ತದೆ, ಕೈಗಳು ಏಳುತ್ತವೆ.

ಕಾಕಾನಿಗೆ ಚಳಿಗಾಲದ ಕೆಮ್ಮು ಎದೆಗೆ ಇಳಿದು ನ್ಯುಮೋನಿಯಾ ಆಯಿತು. ಕೊನೆಯ ದಿನಗಳಲ್ಲಿ ನಾನು ಹೋದಾಗ ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಕಾಕು ಅವರ ತುಟಿ ಒರೆಸುತ್ತ, "ನೀರ ಬೇಕೇನ್ರಿ? ಹೊಚ್ಚಲೇನ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಆ ದನಿ ನರ್ಸಿನದಾಗಿರಬಹುದಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳು ಗ್ಯಾರೇಜು ಖಾಲಿ ಮಾಡಿಸಲು ಗುಜರಿಯವರಿಗೆ ಹೇಳಿದಳು. ಅಮ್ಮನ ಜೊತೆ ಇರಿ ಎಂದು ನನ್ನನ್ನು ಕರೆದಳು. ಕ್ರೇನಿರುವ ಲಾರಿ ಬಂತು. ಒಬ್ಬನೇ ಆಳು, ಕೈಯಲ್ಲಿ ಗುಂಡಿಗಳ ಒಂದು ಪೆಟ್ಟಿಗೆ. ಸರಪಳಿ ಸಿಕ್ಕಿಸಿ ಗುಂಡಿ ಒತ್ತಿದ. ಗರಗಸ ಗಾಳಿಯಲ್ಲಿ ತೇಲಿಕೊಂಡು ಲಾರಿಗೆ ಹೋಗಿ ಕೂತಿತು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಮಗಳು ಅವನ ಜೊತೆ ಹೊರಗೆ ಮಾತಾಡುತ್ತ ನಿಂತಳು; ಊಟಕ್ಕೆ ನಿಲ್ಲದೆ ಮ್ಯಾಂಚೆಸ್ಟರಿಗೆ ಹೊರಡುವವಳಿದ್ದಳು. ಕಾಕು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಅವತ್ತ ನೀ ರಸ್ತೆದಾಗ ನಿಂತಿದ್ದಿ. ನಿನಗ ಎಲ್ಲಾ ಕಾಣತಿತ್ತ. ಹಗ್ಗ ಹರೀತೋ, ಬಿಟ್ರೋ?"

ಕಾಕಾ ಇಷ್ಟು ವರ್ಷ ಕಾದುಕೊಂಡು ಬಂದದ್ದನ್ನು ಮುರಿಯುವ ಹಕ್ಕು ನನಗಿಲ್ಲ ಅನ್ನಿಸಿತು.

"ಹರೀತು ಕಾಕು."

"ಹೂಂ. ನೀನೂ ಹಂಗ ಅಂತಿ." ಒಂದು ಕಲ್ಲು ಸಿಕ್ಕಿತು, ಆರಿಸಿ ಪಕ್ಕಕ್ಕಿಟ್ಟರು. "ಅವತ್ತ ದವಾಖಾನಿಲಿಂದ ಬಂದು ಆ ಹಗ್ಗ ನಾನ ಸುತ್ತಿ ಇಟ್ಟೀನಿ. ಈ ತುದಿಲಿಂದ ಆ ತುದಿತನಕಾ ಕೈಯಾಡಿಸಿ ನೋಡೀನಿ. ಒಂದ ಎಳಿ ಬಿಟ್ಟಿಲ್ಲ."

ಹೊರಗೆ ಲಾರಿ ಸ್ಟಾರ್ಟ್ ಆಯಿತು. ಅದರ ಸದ್ದು ತಿರುವಿನಲ್ಲಿ ಮರೆಯಾದ ಮೇಲೆ ನಾನು ಕೇಳಿದೆ:

"ಅವರನ್ನ ಯಾಕೆ ಕೇಳಲಿಲ್ಲ ಕಾಕು?"

"ನನ್ನ ಸಲುವಾಗಿ ಸುಳ್ಳ ಹೇಳ್ಯಾರ. ಹೆಂಗ ಕೇಳ್ಲಿ? ಕೇಳಿದ್ರ ಅವರ ಸುಳ್ಳ ವ್ಯರ್ಥ ಆಗತಿತ್ತ." ತಟ್ಟೆಯನ್ನು ಅಲುಗಿಸಿ ಅಕ್ಕಿಯನ್ನು ಒಂದು ಕಡೆಗೆ ತಂದರು. "ಒಂದ್ಸಲ ಸಿಟ್ಟಿಗೆದ್ದು, ನಿನ್ನ ಆರತಿಲಿಂದ ನನ್ನ ಕಾಲ ಹೋತ ಅಂತ ಬೈದಿದ್ರ ಸಾಕಿತ್ತ. ನಡುವ ಯಾಕ ನಿಲ್ಲಿಸಿದ್ರಿ, ಮುಂದ ಯಾಕ ನಿಂತ್ರಿ ಅಂತ ನಾನೂ ಬೈತಿದ್ದೆ. ಅತ್ತೂ ಕರದೂ ಮಾಡಿ, ಮತ್ತ ಗಂಡ ಹೆಂಡತಿ ಆಗತಿದ್ವಿ. ಇಬ್ರೂ ನೆಂಟರಂಗ ಇದ್ವಿ ನೋಡವಾ, ಅವರು ಹೋಗೂತನಕಾ."

ಎದ್ದು ಅಕ್ಕಿಯನ್ನು ನಲ್ಲಿಯ ಕೆಳಗೆ ಹಿಡಿದರು. ಅಳತೆ ಅವರ ಕೈಗೆ ರೂಢಿಯಾದದ್ದು, ಇಬ್ಬರಿಗಾಗುವಷ್ಟು. ನಾನೂ ಇದ್ದೆನಲ್ಲ, ಹಾಗಾಗಿ ಅದು ಅವತ್ತು ಹೆಚ್ಚಾಗಲಿಲ್ಲ.